ಬನ್ನಿ ಜೊತೆಗೊಂದು ಪ್ಯಾಕೆಟ್: ದಾವಣಗೆರೆ ದಂಪತಿಯ ಬ್ಯಾಂಕಾಕ್ ಖರೀದಿ

ಫಾರಿನ್‌ನಿಂದ ಬರುವಾಗ ನೆಂಟರಿಷ್ಟರಿಗೆಲ್ಲ ಏನು ತರುವುದು ಅನ್ನುವ ಪ್ರಶ್ನೆಗೆ ಒಂದು ದಂಪತಿ ಉತ್ತರ ಹುಡುಕಿಕೊಂಡ ಪ್ರಕರಣ ಇದು. ಅವರು ದಾವಣಗೆರೆಯವರು. ಯಜಮಾನರದು ಮಂಡಿಪೇಟೆ ಕಡೆ ಕಿರಾಣಿ ಹೋಲ್‌ಸೇಲ್ ಅಂಗಡಿ. ಅಂಗಡಿ ಲೆಕ್ಕ, ಮನೆ ಲೆಕ್ಕ ಎರಡನ್ನೂ ನೋಡುವವರು ಅವರ ಹೆಂಡತಿ. ಮದುವೆಯಾಗಿ 25 ವರ್ಷ ತುಂಬಿತು ಅಂತ 2024ರ ಅಕ್ಟೋಬರ್ ಮೊದಲ ವಾರ ಥಾಯ್ಲೆಂಡ್‌ಗೆ ಹೊರಟರು. ನವರಾತ್ರಿ ಆಗಲೇ ಶುರುವಾಗಿತ್ತು. ಮನೆಯಲ್ಲಿ ಅತ್ತೆ ಇದ್ದರು, ದೀಪ ನೋಡಿಕೊಳ್ಳುತ್ತೇನೆ ಅಂದರು. ಆದರೆ 11ನೇ ತಾರೀಖಿನ ಆಯುಧಪೂಜೆ ಹೊತ್ತಿಗೆ ಯಜಮಾನರು ಅಂಗಡಿಯಲ್ಲಿ ಇರಲೇಬೇಕು. ಅಷ್ಟರೊಳಗೆ ವಾಪಸ್.

ಟಿಕೆಟ್, ಹೋಟೆಲ್ ಬುಕ್ ಮಾಡಿಕೊಟ್ಟವನು ನಾನು. ಹಾಗಾಗಿ ಅವರ ಪಟ್ಟಿ, ಬಿಲ್ಲು, ಆಮೇಲೆ ನೆಂಟರಿಷ್ಟರ ಬಾಯಲ್ಲಿ ಬಂದ ಮಾತು ಎಲ್ಲ ನನಗೆ ಗೊತ್ತು. ಅವರನ್ನು ಕೇಳಿಯೇ, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ವೀಸಾ ತಲೆನೋವು ಅವರಿಗೆ ಇರಲಿಲ್ಲ. 2023ರ ನವೆಂಬರ್‌ನಿಂದಲೇ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ ಬಿಡುತ್ತಿತ್ತು. ಇದ್ದ ತಲೆನೋವು ಒಂದೇ: ಬರುವಾಗ ಎಲ್ಲರಿಗೂ ಏನು ತರುವುದು?

ಪಟ್ಟಿ

ನಮ್ಮ ಕಡೆ ಫಾರಿನ್‌ಗೆ ಹೋಗುವುದು ಅಂದರೆ ಇಡೀ ಓಣಿಗೆ ಗೊತ್ತಾಗುವ ಸಂಗತಿ. ಹೋಗುವ ಮುಂಚೆ ಮನೆಗೆ ಕರೆದು ಊಟ ಹಾಕುವವರಿದ್ದಾರೆ, ಹಣ್ಣು-ಕಾಯಿ ಕೊಟ್ಟು ಹರಸುವವರಿದ್ದಾರೆ. ಅವರ ಮನೆಗೆ ವಾಪಸ್ ಬಂದು ಬರಿಗೈಲಿ ಹೋಗಲಾದೀತಾ? ಯಜಮಾನರ ಹೆಂಡತಿ, ಅಂದರೆ ಅಮ್ಮನವರು, ಹಳೇ ಡೈರಿಯ ಹಾಳೆಯಲ್ಲಿ ಹೆಸರು ಬರೆಯುತ್ತಾ ಹೋದರು. ಚಿತ್ರದುರ್ಗದ ತವರುಮನೆ, ಹರಿಹರದ ನಾದಿನಿ, ಚಳ್ಳಕೆರೆಯ ಬೀಗರು, ಇಬ್ಬರು ವಾರಗಿತ್ತಿಯರು, ಪಕ್ಕದ ಮನೆ, ಎದುರು ಮನೆ, ಅಂಗಡಿಯ ಗುಮಾಸ್ತರು, ಹಮಾಲರು, ಮನೆಗೆಲಸದವರು. ಮೂವತ್ತು ದಾಟಿತು. ಯಜಮಾನರು ಹಾಳೆ ನೋಡಿ, "ಇದು ಮದುವಿ ಪಟ್ಟಿ ಇದ್ದಂಗೈತಲ್ಲೇ" ಅಂದರಂತೆ.

ದುಡ್ಡು ಹನ್ನೆರಡು ಸಾವಿರ ರೂಪಾಯಿ ಅಂತ ಮೊದಲೇ ಕಟ್ಟಿಟ್ಟಿದ್ದರು. ಅಲ್ಲಿನ ದುಡ್ಡು ಬಾತ್. ಆಗ ಒಂದು ಬಾತ್‌ಗೆ ಎರಡೂವರೆ ರೂಪಾಯಿ ಆಸುಪಾಸು. ಹತ್ತಿರತ್ತಿರ 4,800 ಬಾತ್ ಆಯಿತು. ತಲೆಗೆ 150 ಬಾತ್. ಅವರ ಟಿಕೆಟ್‌ನಲ್ಲಿ ಒಬ್ಬರಿಗೆ ಚೆಕ್-ಇನ್ 20 ಕೆಜಿ, ಕೈಚೀಲ 7 ಕೆಜಿ. ಇದಕ್ಕೆಲ್ಲ ಮೇಲೆ ಒಂದು ಷರತ್ತು: ಮನೆಯಲ್ಲಿ ಮೊಟ್ಟೆಯೂ ಇಲ್ಲ. ನೆಂಟರಲ್ಲೂ ಮುಕ್ಕಾಲು ಪಾಲು ಹಾಗೆಯೇ. ತಂದ ತಿಂಡಿಯಲ್ಲಿ ಮೀನಿನ ಪುಡಿ ಇತ್ತು ಅಂತ ಆಮೇಲೆ ಗೊತ್ತಾದರೆ ಆ ಮಾತು ಹತ್ತು ವರ್ಷ ಉಳಿಯುತ್ತದೆ. ಬಜೆಟ್‌ಗಿಂತ ದೊಡ್ಡ ಸಮಸ್ಯೆ ಇದು. ಜನ ಇದನ್ನು ಅಂಗಡಿಯಲ್ಲಿ ನಿಂತಾಗ ನೆನಪಿಸಿಕೊಳ್ಳುತ್ತಾರೆ. ಇವರು ಮನೆಯಲ್ಲೇ ನೆನಪಿಸಿಕೊಂಡರು.

ಮೊದಲ ಅಂಗಡಿಯಲ್ಲಿ ಏನೂ ಕೊಳ್ಳಲಿಲ್ಲ

ಪಟ್ಟಾಯದಲ್ಲಿ ಟೂರ್ ಬಸ್ಸು ಒಂದು ದೊಡ್ಡ ಗಿಫ್ಟ್ ಅಂಗಡಿ ಮುಂದೆ ನಿಂತಿತು. ಆನೆ ಕೀಚೈನು, ಮ್ಯಾಗ್ನೆಟ್ಟು, ಬಾಮು, ಒಣಗಿದ ಹಣ್ಣು, ಹಿಂದಿ ಮಾತಾಡುವ ಹುಡುಗಿಯರು. ಬಸ್ಸಲ್ಲಿದ್ದ ಅರ್ಧ ಜನ ಅಲ್ಲೇ ಪಟ್ಟಿ ಮುಗಿಸಿಬಿಟ್ಟರು. ನಮ್ಮ ಯಜಮಾನರು ಬರೀ ರೇಟು ನೋಡಿ ಬಂದರು. ಹೋಲ್‌ಸೇಲ್ ಮನುಷ್ಯನ ಅಭ್ಯಾಸ. ಒಂದು ಹಸಿರು ಬಾಮಿನ ಡಬ್ಬಿ ತಿರುಗಿಸಿ, ಎಷ್ಟು ಗ್ರಾಂ, ಎಷ್ಟು ಬಾತ್ ಅಂತ ಮೊಬೈಲಲ್ಲಿ ಫೋಟೊ ಹಿಡಿದರು. ಎರಡು ದಿನ ಬಿಟ್ಟು ಬ್ಯಾಂಕಾಕ್ ಸೂಪರ್‌ಮಾರ್ಕೆಟ್ಟಿನಲ್ಲಿ ಅದೇ ಡಬ್ಬಿ, ಅದೇ ಗ್ರಾಂ, ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕಿತು.

ಇದರಲ್ಲಿ ಮೋಸ ಅಂತೇನೂ ಇಲ್ಲ. ಬಸ್ಸು ನಿಲ್ಲುವ ಅಂಗಡಿಯ ಬೆಲೆಯಲ್ಲಿ ಬಸ್ಸು ನಿಲ್ಲಿಸಿದ ಖರ್ಚೂ ಸೇರಿರುತ್ತದೆ. ನಮ್ಮಲ್ಲೂ ಹೈವೇ ಡಾಬಾದಲ್ಲಿ ಹಾಗೇ ಅಲ್ವಾ. ಹಾಗಂತ ಗಿಫ್ಟ್ ಅಂಗಡಿಗೆ ಹೋಗಲೇಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೋಗಿ ರೇಟು ನೋಡಿಕೊಂಡು ಬನ್ನಿ ಅನ್ನುತ್ತೇನೆ.

ರಾತ್ರಿ ಎಂಟರ ನಂತರ

ಬ್ಯಾಂಕಾಕ್‌ನಲ್ಲಿ ಕೊನೆಯ ರಾತ್ರಿ ಬಿಡುವಿತ್ತು. ಹೋಟೆಲ್ ಇದ್ದದ್ದು ಪ್ರತುನಾಮ್ ಕಡೆ. ಅಲ್ಲಿಂದ ರಾಚದಮ್ರಿ ರಸ್ತೆಯ ಬಿಗ್ ಸಿ ಸೂಪರ್‌ಮಾರ್ಕೆಟ್ ನಡೆದು ಹೋಗುವ ದೂರ. ಸೆಂಟ್ರಲ್‌ವರ್ಲ್ಡ್ ಮಾಲ್ ಎದುರಿಗೇ ಇದೆ. ಪ್ರವಾಸಿಗಳು ಜಾಸ್ತಿ ಬರುವ ಅಂಗಡಿ. ಊರಿಗೆ ಒಯ್ಯುವ ಸಾಮಾನಿಗೆ ಅಂತಲೇ ಸಾಲು ಸಾಲು ರ‍್ಯಾಕ್ ಇಟ್ಟಿರುತ್ತಾರೆ.

ಗಲ್ಲಿಗೊಂದು ಸೆವೆನ್-ಇಲೆವೆನ್ ಅನ್ನುವ ಸಣ್ಣ ಅಂಗಡಿ ಇರುವ ದೇಶ ಅದು. 14,000ಕ್ಕೂ ಹೆಚ್ಚು ಮಳಿಗೆಗಳಿವೆ. ಒಂದೆರಡು ಪ್ಯಾಕೆಟ್ ರುಚಿ ನೋಡಲು ಅದು ಸರಿ. ಮೂವತ್ತು ಜನರ ಪಟ್ಟಿಗೆ ಆಗುವುದಿಲ್ಲ. ಆರರ, ಹನ್ನೆರಡರ ಕಟ್ಟು ಸಿಗುವುದು ದೊಡ್ಡ ಅಂಗಡಿಯಲ್ಲೇ. ಇವರು ಮೊದಲ ದಿನವೇ ಸೆವೆನ್-ಇಲೆವೆನ್‌ನಲ್ಲಿ ಒಂದೊಂದೇ ಕೊಂಡು ತಿಂದು ನೋಡಿದ್ದರು. ಬಿಗ್ ಸಿ ಹೊಕ್ಕಾಗ ಯಾವುದು ನಾಲಿಗೆಗೆ ಹಿಡಿಸುತ್ತದೆ ಅಂತ ಗೊತ್ತಿತ್ತು. ಈ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದ ಹೆಜ್ಜೆ ಇದು. ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲು ಕೈ ಹೋದದ್ದು ಯಾದೋಮ್‌ಗೆ. ಮೂಗಿಗೆ ಹಿಡಿದು ಎಳೆಯುವ ಬೆರಳುದ್ದದ ನಳಿಗೆ. ಒಳಗೆ ಮೆಂಥಾಲ್, ಕರ್ಪೂರದಂಥವು. ಥಾಯ್ ಜನ ಬಸ್ಸಲ್ಲಿ, ಆಫೀಸಲ್ಲಿ, ರಸ್ತೆಯಲ್ಲಿ ಎಲ್ಲೆಂದರಲ್ಲಿ ಇದನ್ನು ಮೂಗಿಗೆ ಇಟ್ಟುಕೊಂಡಿರುತ್ತಾರೆ. ಪೊಯ್-ಸಿಯಾನ್ ಅನ್ನುವ ಬ್ರ್ಯಾಂಡ್ ಬಹಳ ಹಳೆಯದು. ಒಂದು ತುದಿಯಲ್ಲಿ ಉಸಿರು ಎಳೆಯುವುದು, ಇನ್ನೊಂದು ತುದಿ ಬಿಚ್ಚಿದರೆ ಹಣೆಗೆ ಹಚ್ಚುವ ಎಣ್ಣೆ. ಒಂದಕ್ಕೆ ಇಪ್ಪತ್ತು ಬಾತ್ ಚಿಲ್ಲರೆ. ತೂಕವೇ ಇಲ್ಲ. ತಿನ್ನುವ ವಸ್ತು ಅಲ್ಲ, ಹಾಗಾಗಿ ಸಸ್ಯಾಹಾರದ ಚಿಂತೆಯೂ ಇಲ್ಲ. ಗುಮಾಸ್ತರು, ಹಮಾಲರು, ಓಣಿಯವರು ಎಲ್ಲರಿಗೂ ಇದೇ ಅಂತ ಅಲ್ಲೇ ತೀರ್ಮಾನವಾಯಿತು. ಪಟ್ಟಿಯ ಅರ್ಧ ಮುಗಿಯಿತು.

ಪಕ್ಕದ ರ‍್ಯಾಕ್‌ನಲ್ಲಿ ಟೈಗರ್ ಬಾಮ್ ಇತ್ತು. ಅದು ಸಿಂಗಾಪುರದ ಕಂಪನಿಯದು, ನಮ್ಮ ಮೆಡಿಕಲ್ ಶಾಪ್‌ಗಳಲ್ಲೂ ಸಿಗುತ್ತದೆ. ಅದನ್ನು ಬ್ಯಾಂಕಾಕಿಂದ ಹೊತ್ತು ತರುವುದು ಸುಮ್ನೆ ದಂಡ. ಅಮ್ಮನವರು ಹಸಿರು ಗಿಡಮೂಲಿಕೆ ಬಾಮ್ ತೆಗೆದುಕೊಂಡರು. ಮಂಡಿ ನೋವಿನ ಹಿರಿಯರಿಗೆ.

ಸ್ನೇಕ್ ಬ್ರ್ಯಾಂಡ್ ಬೆವರುಸಾಲೆ ಪೌಡರ್ ಮುಂದೆ ಇಬ್ಬರೂ ನಿಂತರು. 1947ರಿಂದ ಇರುವ ಪೌಡರ್. ಡಬ್ಬಿ ಮೇಲೆ ಬಾಣ ಚುಚ್ಚಿದ ಹಾವಿನ ಚಿತ್ರ. "ರೀ, ಹಬ್ಬದ ದಿನ ಹಾವಿನ ಚಿತ್ರ ಕೊಡೋದಾ?" ಅಂತ ಅಮ್ಮನವರು. "ನಾಗರ ಪಂಚಮಿ ಮಾಡೋರಿಗೆ ಹಾವೇನು ಹೊಸದಾ, ಹಾಕೇ" ಅಂತ ಯಜಮಾನರು. ನಾಲ್ಕು ಡಬ್ಬಿ ಗಾಡಿಗೆ ಬಿತ್ತು.

ಹಳದಿ ಬಾವುಟ

ಇಲ್ಲೊಂದು ಅದೃಷ್ಟವೂ ಸೇರಿಕೊಂಡಿತು. ಥಾಯ್ಲೆಂಡ್‌ನಲ್ಲಿ ವರ್ಷಕ್ಕೊಮ್ಮೆ ಒಂಬತ್ತು ದಿನ ಸಸ್ಯಾಹಾರದ ಹಬ್ಬ ನಡೆಯುತ್ತದೆ. ಅಲ್ಲಿನ ಚೀನೀ ಮೂಲದವರ ಪಂಚಾಂಗದ ಪ್ರಕಾರ ಒಂಬತ್ತನೇ ತಿಂಗಳು. 2024ರಲ್ಲಿ ಅದು ಅಕ್ಟೋಬರ್ 3ಕ್ಕೆ ಶುರುವಾಯಿತು. ನಮ್ಮ ನವರಾತ್ರಿ ಶುರುವಾದದ್ದೂ ಅದೇ ದಿನ. ಹಬ್ಬದ ದಿನಗಳಲ್ಲಿ ಅಂಗಡಿ, ಹೋಟೆಲು, ತಳ್ಳುಗಾಡಿ ಎಲ್ಲ ಕಡೆ ಹಳದಿ ಬಾವುಟ ಕಟ್ಟುತ್ತಾರೆ. ಅದರ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗುರುತು. ಥಾಯ್ ಓದಲು ಬಾರದ ನಮಗೆ 17 ಅಂತ ಬರೆದ ಹಾಗೆ ಕಾಣುತ್ತದೆ. ಅದನ್ನು ಅವರು 'ಜೇ' ಅನ್ನುತ್ತಾರೆ.

ಜೇ ಅಂದರೆ ಮಾಂಸ, ಮೀನು, ಮೊಟ್ಟೆ ಇಲ್ಲ. ಹಾಲೂ ಇಲ್ಲ. ಬೆಳ್ಳುಳ್ಳಿ, ಈರುಳ್ಳಿ ಕೂಡ ಇಲ್ಲ. ನಮ್ಮ ಮಡಿ ಅಡುಗೆಗಿಂತ ಒಂದು ಕೈ ಬಿಗಿ. ಹಬ್ಬವಿಲ್ಲದ ದಿನವೂ ಪ್ಯಾಕೆಟ್‌ಗಳ ಮೇಲೆ ಈ ಗುರುತು ಸಣ್ಣದಾಗಿ ಇರುತ್ತದೆ, ಹುಡುಕಬೇಕು. ಇವರು ಹೋದಾಗ ಜೇ ತಿಂಡಿಗೆಂದೇ ಪ್ರತ್ಯೇಕ ಸಾಲು ಹಚ್ಚಿದ್ದರು. ಬಿಸ್ಕತ್ತು, ನೂಡಲ್ಸು, ಹುರಿದ ಕಾಳು ಎಲ್ಲ ಒಂದೇ ಕಡೆ.

ಎಷ್ಟೋ ಜನ ಹಲಾಲ್ ಗುರುತು ಇದ್ದರೆ ಸಾಕು ಅಂದುಕೊಳ್ಳುತ್ತಾರೆ. ಅದು ಇಸ್ಲಾಂ ನಿಯಮಕ್ಕೆ ಒಪ್ಪುವ ತಿಂಡಿ ಅಂತ ಹೇಳುತ್ತದೆ, ಹಂದಿ ಇರುವುದಿಲ್ಲ. ಆದರೆ ಸಸ್ಯಾಹಾರ ಅಂತ ಅರ್ಥವಲ್ಲ. ಕೋಳಿ, ದನ, ಮೀನು ಇರಬಹುದು. ಎಷ್ಟೋ ಮೆತ್ತಗಿನ ಚಾಕಲೇಟುಗಳಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಯ ಮೂಳೆ-ಚರ್ಮದಿಂದ ಬರುವುದು. ಸಸ್ಯಾಹಾರಿಗಳು ನೋಡಬೇಕಾದ್ದು ಜೇ ಗುರುತನ್ನು.

ಆದರೆ ಆ ಸಾಲು ಬಿಟ್ಟು ಆಚೆ ಹೋದ ತಕ್ಷಣ ಎಚ್ಚರ ಬೇಕಾಯಿತು. ಅಮ್ಮನವರು ಒಂದು ಪ್ಯಾಕೆಟ್ ಎತ್ತಿಕೊಂಡರು. ಒಳಗೆ ದುಂಡನೆ ಅಕ್ಕಿ ಹಪ್ಪಳ, ಮೇಲೆ ಕಂದು ಬಣ್ಣದ ತುರಿ. ನೋಡಿದರೆ ಹುರಿದ ಕೊಬ್ಬರಿ ತುರಿ ಹಾಗೇ ಇದೆ. "ಇದು ಕೊಬ್ಬರಿದು, ಅತ್ತಿಗೆ ಮನೆಗೆ ಚಲೋ ಆಗ್ತೈತಿ" ಅಂತ ನಾಲ್ಕು ಪ್ಯಾಕೆಟ್ ಹಾಕಿದ್ದರು. ಹಿಂದೆ ಬರೀ ಥಾಯ್ ಬರಹ. ಯಜಮಾನರು ಮೊಬೈಲ್ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿದರು. ಪರದೆ ಮೇಲೆ ಅಕ್ಷರ ಸ್ವಲ್ಪ ಹೊತ್ತು ನಡುಗಿ, ಅನ್ನ, ಎಣ್ಣೆ, ಸಕ್ಕರೆ ಅಂತ ಬಂದು, ಆಮೇಲೆ 'ಹಂದಿ' ಅಂತ ನಿಂತಿತು. ಹಂದಿ ಮಾಂಸವನ್ನು ಒಣಗಿಸಿ ಎಳೆ ಎಳೆಯಾಗಿ ಬಿಡಿಸಿ ಅಕ್ಕಿ ಹಪ್ಪಳದ ಮೇಲೆ ಹಚ್ಚುವುದು ಅಲ್ಲಿ ಮಾಮೂಲು ತಿಂಡಿ. ನಾಲ್ಕೂ ಪ್ಯಾಕೆಟ್ ವಾಪಸ್ ರ‍್ಯಾಕ್‌ಗೆ ಹೋದವು. ಅಮ್ಮನವರು ಕರ್ಚೀಫಿನಲ್ಲಿ ಕೈ ಒರೆಸಿಕೊಂಡರಂತೆ.

ಅಲ್ಲಿಂದಾಚೆ ಕ್ಯಾಮೆರಾ ಹಿಡಿಯದೆ ಒಂದು ಪ್ಯಾಕೆಟ್ಟೂ ಗಾಡಿಗೆ ಬೀಳಲಿಲ್ಲ. ಶೇಂಗಾ ಡಬ್ಬಿಗಳನ್ನೇ ನೋಡಿ. ಕೊ-ಕೇ ಅಂತ ಅಲ್ಲಿನ ಹೆಸರಾದ ಬ್ರ್ಯಾಂಡ್. ತೆಂಗಿನ ಹಾಲಿನ ಲೇಪದ್ದು, ಸೀಗಡಿ ರುಚಿಯದು ಪಕ್ಕಪಕ್ಕದಲ್ಲೇ ಇರುತ್ತವೆ. ಅವಸರದಲ್ಲಿ ಕೈ ಹಾಕಿದರೆ ಕೆಟ್ಟಿತು. ತೆಂಗಿನ ಹಾಲಿನದು ಆರಿಸಿಕೊಂಡರು. ಆದರೆ ಚಳ್ಳಕೆರೆ ಬೀಗರ ಹೆಸರು ಬಂದಾಗ ಯಜಮಾನರು ಅಡ್ಡ ಬಂದರು. ಚಳ್ಳಕೆರೆ ಅಂದರೆ ಎಣ್ಣೆ ಗಿರಣಿಗಳ ಊರು, ಸುತ್ತ ಕಣ್ಣು ಹಾಯಿಸಿದಷ್ಟು ಶೇಂಗಾ ಹೊಲ. "ಬೀಗರಿಗೆ ಶೇಂಗಾ ಒಯ್ದು ಕೊಟ್ರೆ ನಗ್ತಾರೆ." ಅವರಿಗೆ ಒಣಗಿಸಿದ ಮಾವು ಅಂತಾಯಿತು.

ದಿನಾಂಕ ಮತ್ತು ತೂಕ

ಹೋಲ್‌ಸೇಲ್ ಅಂಗಡಿಯವರು ಪ್ಯಾಕೆಟ್ ಕೈಗೆ ಬಂದ ತಕ್ಷಣ ಮಾಡುವ ಕೆಲಸ ಎಕ್ಸ್‌ಪೈರಿ ನೋಡುವುದು. ಹುಣಸೆಹಣ್ಣಿನ ಚಾಕಲೇಟ್ ಪ್ಯಾಕೆಟ್ ತಿರುಗಿಸಿದರೆ ಕೊನೆಯಲ್ಲಿ 68 ಅಂತ ಇತ್ತು. ಯಜಮಾನರಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಥಾಯ್ಲೆಂಡ್‌ನಲ್ಲಿ ಬುದ್ಧ ಶಕೆ ನಡೆಯುತ್ತದೆ. ನಮ್ಮ ಇಸವಿಗೆ 543 ಕೂಡಿಸಬೇಕು. 2024 ಅಂದರೆ ಅವರಿಗೆ 2567. 68 ಅಂದರೆ 2568, ಅಂದರೆ 2025. ಕೆಲವು ಕಂಪನಿಯವರು ನಮ್ಮ ಇಸವಿಯನ್ನೇ ಹಾಕುತ್ತಾರೆ, ಕೆಲವರು ಅವರದನ್ನು. ಲೆಕ್ಕ ಗೊತ್ತಾದ ಮೇಲೆ ಇವರು ಪ್ಯಾಕೆಟ್ ಆರಿಸಿದ್ದು ಅಂಗಡಿಗೆ ಮಾಲು ಇಳಿಸಿಕೊಳ್ಳುವ ಹಾಗೆಯೇ. ರ‍್ಯಾಕ್‌ನ ಮುಂದಿನದು ಬಿಟ್ಟು ಹಿಂದಿನಿಂದ ಎಳೆದರು, ಹೊಸ ಮಾಲು ಯಾವಾಗಲೂ ಹಿಂದೆಯೇ ಇರುತ್ತದೆ ಅಂತ.

ತೂಕದ ಲೆಕ್ಕವನ್ನೂ ಅಲ್ಲೇ ಹಾಕಿದರು. ಖಾಲಿ ರಟ್ಟಿನ ಪೆಟ್ಟಿಗೆಯ ಒಂದು ಚೂರು ಹರಿದುಕೊಂಡು, ಪೆನ್ನಿನಲ್ಲಿ ಸಾಲಾಗಿ ಗ್ರಾಂ ಬರೆದು ಕೂಡಿಸಿದರು. ತಗಡಿನ ಡಬ್ಬಿ ಇದ್ದಲ್ಲಿ ಡಬ್ಬಿಯ ತೂಕ ಅಂತ ಕಾಲು ಭಾಗ ಜಾಸ್ತಿ ಹಿಡಿದರು. ಎಂಟೂವರೆ ಕೆಜಿ ಆಯಿತು. ಇಬ್ಬರ ಚೀಲದಲ್ಲೂ ಜಾಗ ಉಳಿದಿತ್ತು, ಹಾಗಾಗಿ ಅಮ್ಮನವರು ಮತ್ತೆರಡು ಕಟ್ಟು ಒಣ ಮಾವು ಹಾಕಿದರು. ಮ್ಯಾಂಗೊಸ್ಟೀನ್ ಹಣ್ಣಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಅದನ್ನು ತರುವ ಹಾಗಿಲ್ಲ. ಹಸಿ ಹಣ್ಣು, ಬೀಜ, ಗಿಡ ಇವುಗಳಿಗೆ ಭಾರತದಲ್ಲಿ ಸಸ್ಯ ಕ್ವಾರಂಟೈನ್ ಕಾನೂನು ಇದೆ, ಪರವಾನಗಿ ಇಲ್ಲದೆ ಬಿಡುವುದಿಲ್ಲ. ಅಲ್ಲೇ ಅರ್ಧ ಕೆಜಿ ಕೊಂಡು ಹೋಟೆಲ್‌ನಲ್ಲಿ ಕೂತು ತಿಂದರು.

ಬಿಲ್ಲು

ಬಿಲ್ 4,300 ಬಾತ್ ಆಸುಪಾಸು ಆಯಿತು. ಕಾರ್ಡ್ ಹಾಕಿದಾಗ ಮೆಷಿನ್ ರೂಪಾಯಿಯಲ್ಲಾ ಬಾತ್‌ನಲ್ಲಾ ಅಂತ ಕೇಳಿತು. ರೂಪಾಯಿ ಅಂದರೆ ಮನಸ್ಸಿಗೆ ಹಿತ, ಎಷ್ಟು ಹೋಯಿತು ಅಂತ ತಕ್ಷಣ ಗೊತ್ತಾಗುತ್ತದೆ. ಆದರೆ ಆ ವಿನಿಮಯ ದರವನ್ನು ಅಲ್ಲಿನವರೇ ಹಾಕುತ್ತಾರೆ, ಸಾಮಾನ್ಯವಾಗಿ ನಮಗೆ ನಷ್ಟವೇ. ಬಾತ್ ಒತ್ತಿ ಅಂತ ಹೊರಡುವ ಮುಂಚೆ ಹೇಳಿದ್ದೆ, ಒತ್ತಿದರು.

ಅಲ್ಲಿ 7% ವ್ಯಾಟ್ ಇದೆ. ಒಂದೇ ಅಂಗಡಿಯಲ್ಲಿ ಒಂದೇ ದಿನ 2,000 ಬಾತ್ ಮೇಲೆ ಕೊಂಡರೆ ಪ್ರವಾಸಿಗಳು ವಾಪಸ್ ಕೇಳಬಹುದು. ಪಾಸ್‌ಪೋರ್ಟ್ ತೋರಿಸಿ ಅಂಗಡಿಯಲ್ಲೇ ಫಾರಂ ಮಾಡಿಸಬೇಕು, ಆಮೇಲೆ ಏರ್‌ಪೋರ್ಟಿನಲ್ಲಿ ಕೊಡಬೇಕು. ಇವರ ಬಿಲ್ಲಿನಲ್ಲಿದ್ದ ತೆರಿಗೆ ಹೆಚ್ಚೆಂದರೆ 281 ಬಾತ್. ನಗದು ಬೇಕೆಂದರೆ ಅದರಲ್ಲಿ 100 ಬಾತ್ ಶುಲ್ಕ. ಉಳಿದದ್ದು ನಾಲ್ಕು ನೂರ ಚಿಲ್ಲರೆ ರೂಪಾಯಿಯೂ ಮುಟ್ಟುತ್ತಿತ್ತೋ ಇಲ್ಲವೋ. ಯಜಮಾನರು ಬಿಟ್ಟುಬಿಟ್ಟರು. ನನ್ನ ಲೆಕ್ಕದಲ್ಲೂ ಬಿಟ್ಟದ್ದೇ ಸರಿ. ಇಪ್ಪತ್ತು ಸಾವಿರ ಬಾತ್‌ನ ಸಾಮಾನು ಆಗಿದ್ದರೆ ಬೇರೆ ಮಾತು.

ಕವರ್ ಕೇಳಿದರೆ ಇಲ್ಲ ಅಂದರು. ಥಾಯ್ಲೆಂಡ್‌ನ ದೊಡ್ಡ ಅಂಗಡಿಗಳು 2020ರ ಜನವರಿ 1ರಿಂದ ಪ್ಲಾಸ್ಟಿಕ್ ಕವರ್ ಕೊಡುವುದನ್ನು ನಿಲ್ಲಿಸಿವೆ. ದುಡ್ಡು ಕೊಟ್ಟು ಎರಡು ದೊಡ್ಡ ಚೀಲ ತೆಗೆದುಕೊಂಡರು. ಥಾಯ್ ಅಕ್ಷರ ಇರುವ ಆ ಚೀಲ ಹಿಡಿದೇ ಅಮ್ಮನವರು ಈಗ ತರಕಾರಿ ಮಾರ್ಕೆಟ್‌ಗೆ ಹೋಗುವುದು.

ಪ್ಯಾಕಿಂಗ್‌ನಲ್ಲಿ ಒಂದೇ ಎಚ್ಚರ. ಬಾಮು, ಎಣ್ಣೆ, ಜಾಮು ಇವೆಲ್ಲ ವಿಮಾನದ ಲೆಕ್ಕದಲ್ಲಿ ದ್ರವವೇ, ಕೈಚೀಲದಲ್ಲಿ 100 ಎಂಎಲ್ ಮೀರಿದ ಬಾಟಲಿ ಇರುವಂತಿಲ್ಲ. ಎಲ್ಲ ಚೆಕ್-ಇನ್‌ಗೆ ಹೋಯಿತು. ಬೆಂಗಳೂರು ಕಸ್ಟಮ್ಸ್‌ನಲ್ಲಿ ಯಾರೂ ಏನೂ ಕೇಳಲಿಲ್ಲ. ಆಗ ಇದ್ದ ನಿಯಮದಲ್ಲಿ ಒಬ್ಬರಿಗೆ 50,000 ರೂಪಾಯಿವರೆಗಿನ ಸಾಮಾನಿಗೆ ಸುಂಕ ಇರಲಿಲ್ಲ, ಇವರದು ಅದರ ಹತ್ತಿರಕ್ಕೂ ಹೋಗಿರಲಿಲ್ಲ.

ಬನ್ನಿ ಹಬ್ಬದ ದಿನ

ಹಂಚುವುದಕ್ಕೆ ಅಂತ ಬೇರೆ ದಿನ ಬೇಕಾಗಲಿಲ್ಲ. ವಿಜಯದಶಮಿಯ ಸಂಜೆ ನಮ್ಮ ಕಡೆ ಬನ್ನಿ ಎಲೆ ಹಿಡಿದು ಮನೆ ಮನೆಗೆ ಹೋಗುತ್ತೇವಲ್ಲ. "ಬನ್ನಿ ತಗೊಂಡು ಬಂಗಾರದಂಗಿರೋಣ" ಅಂತ ಹಿರಿಯರ ಕಾಲಿಗೆ ಬೀಳುವಾಗ, ಬನ್ನಿ ಜೊತೆಗೊಂದು ಪ್ಯಾಕೆಟ್. ತಂದದ್ದನ್ನು ತೋರಿಸಿಕೊಂಡ ಹಾಗೂ ಕಾಣಲಿಲ್ಲ. ಇಬ್ಬರು ವಾರಗಿತ್ತಿಯರಿಗೆ ಒಂದೇ ಬಗೆ, ಒಂದೇ ಅಳತೆ. ಸೂಪರ್‌ಮಾರ್ಕೆಟ್ ಸಾಮಾನಿನ ದೊಡ್ಡ ಅನುಕೂಲ ಇದು ಅಂತ ನನಗನಿಸುತ್ತದೆ. ಪೇಟೆಯಲ್ಲಿ ಆರಿಸಿ ತಂದ ಎರಡು ಪರ್ಸ್‌ಗಳಲ್ಲಿ ಒಂದು ಚೆಂದ ಇನ್ನೊಂದು ಸಾಧಾರಣ ಆಗಿಯೇ ಆಗುತ್ತದೆ. ಮಿಷನ್ನಿನಿಂದ ಬಂದ ಎರಡು ಪ್ಯಾಕೆಟ್ ನಡುವೆ ಜಗಳಕ್ಕೆ ಜಾಗವಿಲ್ಲ.

ಎಲ್ಲಕ್ಕಿಂತ ಜಾಸ್ತಿ ಹೆಸರು ಮಾಡಿದ್ದು ಒಣ ಮಾವು. ಚಳ್ಳಕೆರೆಯಿಂದ ಫೋನ್ ಬಂತು. ಹುಣಸೆ ಚಾಕಲೇಟ್ ಮಕ್ಕಳಿಗೆ ಸೇರಿತು, ಹೆಂಗಸರಿಗೆ ನಗು ತರಿಸಿತು. "ಹುಣಸಿಹಣ್ಣು ತರಾಕ ಬ್ಯಾಂಕಾಕಿಗೆ ಹೋಗಿದ್ರೇನವ್ವಾ" ಅಂತ ಎದುರುಮನೆ ಅಜ್ಜಿ. ಪೌಡರ್ ಅಕ್ಟೋಬರ್‌ನಲ್ಲಿ ಯಾರಿಗೂ ಬೇಡವಾಗಿತ್ತು. ಮಾರ್ಚ್ ಬಂದು ದಾವಣಗೆರೆ ಬಿಸಿಲು ಏರಿದ ಮೇಲೆ ಡಬ್ಬಿಗಳು ಹೊರಗೆ ಬಂದವು. ಸೋತದ್ದು ಒಂದೇ, ಹುರಿದ ಕಡಲ ಪಾಚಿಯ ಹಾಳೆ. ಸಸ್ಯಾಹಾರವೇ, ಜೇ ಗುರುತೂ ಇತ್ತು. ಆದರೆ ಬಾಯಿಗಿಟ್ಟವರೆಲ್ಲ "ಮೀನು ವಾಸನೆ" ಅಂದರು. ಹಾಸ್ಟೆಲ್‌ನಲ್ಲಿರುವ ಮಗ ಎಲ್ಲ ಪ್ಯಾಕೆಟ್ ಎತ್ತಿಕೊಂಡು ಹೋದ.

ಯಾದೋಮ್ ಕಥೆ ಬೇರೆಯೇ. ಮೆಣಸಿನಕಾಯಿ ಚೀಲ ಹೊರುವ ಹಮಾಲರು ಅದನ್ನು ಜೇಬಿನಿಂದ ಕೆಳಗಿಡಲಿಲ್ಲ. ಜೀವಮಾನವಿಡೀ ನಶ್ಯ ಏರಿಸಿದ ಹಿರಿಯ ಗುಮಾಸ್ತರೊಬ್ಬರು, "ಇದು ನಶ್ಯದಂಗೇ ಐತಿ, ಪಂಜೆ ಹೊಲಸಾಗಂಗಿಲ್ಲ" ಅಂತ ಸರ್ಟಿಫಿಕೇಟ್ ಕೊಟ್ಟರು. ಅಕ್ಕಪಕ್ಕದ ಅಂಗಡಿಯವರು ಕೇಳತೊಡಗಿದರು. ಯಜಮಾನರ ವ್ಯಾಪಾರದ ಬುದ್ಧಿ ಎದ್ದು ಕೂತಿತು. ಪೆಟ್ಟಿಗೆಗಟ್ಟಲೆ ತರಿಸಿ ಮಂಡಿಪೇಟೆಯಲ್ಲಿ ಮಾರಿದರೆ ಹೇಗೆ ಅಂತ ನನ್ನ ಹತ್ತಿರ ಬಂದರು. ಪ್ರವಾಸಿಯ ಚೀಲದಲ್ಲಿ ಮಾರಾಟದ ಮಾಲು ತರುವ ಹಾಗಿಲ್ಲ, ಆಮದು ಅಂದರೆ ಐಇಸಿ, ಅಂದರೆ ಆಮದು-ರಫ್ತು ಕೋಡ್ ನಂಬರ್ ಬೇಕು, ಅದು ಔಷಧಿ ಲೆಕ್ಕಕ್ಕೆ ಬಂದರೆ ಅದರ ಲೈಸೆನ್ಸ್ ಬೇರೆ ಅಂದೆ.

"ಬ್ಯಾಡ ಬಿಡ್ರಿ ಹಂಗಾದ್ರೆ," ಅಂದರು. "ಮುಂದಿನ ಸಲ ಕೊಡಾಕಷ್ಟೇ ಎರಡು ಡಜನ್ ಜಾಸ್ತಿ ತರ್ತೀನಿ. ಗುಮಾಸ್ತರದು ಆಗ್ಲೇ ಖಾಲಿ ಆಗೈತಿ."